ಪ್ರಾಗ್‌ನಲ್ಲಿ ಬಿಟ್ಟು ಬಂದವನು

ಪ್ರಾಗ್, ಅಕ್ಟೋಬರ್ 6, 1993

ಶ್ರೀ ಲೆಕ್ನರ್ ಅವರೇ,

ಭಾನುವಾರ ಬೆಳಿಗ್ಗೆ ನೀವು ನಾಲ್ವರು ಗೆಳೆಯರೂ ಚೀಲ ಹೊತ್ತು ನನ್ನ ಮನೆಯ ಮೆಟ್ಟಿಲಿಳಿದು ಹೋದಿರಿ. ಮಧ್ಯಾಹ್ನ ನಾನು ನಿಮ್ಮ ಹಾಸಿಗೆಗಳ ಹೊದಿಕೆ ನೆನೆಹಾಕುತ್ತಿದ್ದಾಗ ಯಾರೋ ಬಾಗಿಲು ಬಡಿದರು. ತೆರೆದರೆ ಸೇತುವೆಯ ತುದಿಯಲ್ಲಿ ಸಾಸೇಜ್ ಮಾರುವವನು. ಅವನ ಬೆನ್ನ ಹಿಂದೆ ಹಸಿರು ಟೋಪಿಯ ನಿಮ್ಮ ಗೆಳೆಯ ಓಬರ್ಮಾಯರ್.

"ಇವರು ನಿನ್ನ ಕಡೆಯವರೇನಮ್ಮ? ಬೆಳಗಿನಿಂದ ಸಂತನ ವಿಗ್ರಹದ ಪಕ್ಕ ಇನ್ನೊಂದು ವಿಗ್ರಹದ ಥರ ನಿಂತವ್ರೆ. ಟೂರಿಸ್ಟುಗಳು ಫೋಟೋ ಬೇರೆ ತೆಗೆದ್ರು. ಜೇಬಲ್ಲಿ ನಿನ್ನ ಮನೆ ವಿಳಾಸದ ಚೀಟಿ ಇತ್ತು, ಅದಕ್ಕೆ ಕರ್ಕೊಂಡು ಬಂದೆ," ಅಂದ.

ನನ್ನ ಮನೆಯಲ್ಲಿ ಉಳಿದವರು ಕೊಡೆ ಮರೆತು ಹೋಗಿದ್ದಾರೆ, ಹಲ್ಲಿನ ಸೆಟ್ಟು ಮರೆತು ಹೋಗಿದ್ದಾರೆ. ಮನುಷ್ಯನನ್ನೇ ಮರೆತು ಹೋದವರು ನೀವೇ ಮೊದಲು. ಗಡಿ ದಾಟುವಾಗ ಪಾಸ್‌ಪೋರ್ಟ್ ತೋರಿಸಿದಿರಲ್ಲವೇ? ನಾಲ್ವರದೂ ನಿಮ್ಮ ಕೋಟಿನ ಜೇಬಿನಲ್ಲೇ ಇದ್ದವು, ನಾನು ಕಣ್ಣಾರೆ ನೋಡಿದ್ದೇನೆ. ಪಾಸ್‌ಪೋರ್ಟ್ ನಾಲ್ಕು, ಮುಖ ಮೂರು. ಯಾರಿಗೂ ಲೆಕ್ಕ ತಪ್ಪಿದ್ದು ಗೊತ್ತಾಗಲಿಲ್ಲವೇ?

ಸೋಮವಾರ ಅಂಚೆ ಕಚೇರಿಗೆ ಹೋಗಿ ನೀವು ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದೆ. ನನ್ನ ಹೆಸರು ಕೇಳಿದ ಕೂಡಲೇ "ರಾಂಗ್ ನಂಬರ್" ಎಂದು ಇಟ್ಟರು. ಇಡುವ ಮೊದಲು ಕೆಮ್ಮಿದರು. ಆ ಕೆಮ್ಮನ್ನು ನಾನು ಎರಡು ರಾತ್ರಿ ಗೋಡೆಯಾಚೆಯಿಂದ ಕೇಳಿದ್ದೇನೆ.

ನಿಮ್ಮ ಗೆಳೆಯ ಈಗ ಅಡುಗೆಮನೆಯಲ್ಲಿ ಟೋಪಿ ತೆಗೆಯದೆ ಕೂತಿದ್ದಾರೆ. ಏನು ಕೇಳಿದರೂ "ಬರ್ತಾನೆ, ಬರ್ತಾನೆ" ಅನ್ನುತ್ತಾರೆ. ಬೇಗ ಬಂದು ಕರೆದುಕೊಂಡು ಹೋಗಿ. ಜರ್ಮನ್ ನನ್ನ ತಾಯಿಯ ಭಾಷೆ, ಬಳಸಿ ಬಹಳ ಕಾಲವಾಯಿತು. ತಪ್ಪುಗಳಿದ್ದರೆ ಕ್ಷಮಿಸಿ. ಒರಟುತನ ಬೇಕೆಂದೇ ಬರೆದದ್ದು.

ಯಾರ್ಮಿಲಾ ಹೋಶ್ಕೋವಾ


ಪಾಸಾವ್, ಅಕ್ಟೋಬರ್ 14, 1993

ಮಾನ್ಯ ಶ್ರೀಮತಿ ಹೋಶ್ಕೋವಾ ಅವರೇ,

ನಿಮ್ಮ ಪತ್ರ ಓದಿಯೇ ನಮಗೆ ವಿಷಯ ತಿಳಿದದ್ದು. ನಾವು ಬಂದದ್ದು ಎರಡು ಕಾರಿನಲ್ಲಿ. ವಿನ್ಸೆನ್ಸ್ ಓಬರ್ಮಾಯರ್ ನನ್ನ ಕಾರಿನಲ್ಲಿದ್ದಾನೆಂದು ಉಳಿದಿಬ್ಬರು, ವಿಮ್ಮರ್ ಮತ್ತು ರೀಡ್ಲ್, ಅಂದುಕೊಂಡರು, ಅವರ ಕಾರಿನಲ್ಲಿದ್ದಾನೆಂದು ನಾನು. ಗಡಿಯಲ್ಲಿ ಈಗೆಲ್ಲ ಕೈಬೀಸಿ ಬಿಟ್ಟುಬಿಡುತ್ತಾರೆ. ಫೋನ್ ಎತ್ತಿದ್ದು ನನ್ನ ಅಂಗಡಿಯ ಸಹಾಯಕ. ಕೆಮ್ಮು ಈ ಕಾಲದಲ್ಲಿ ಯಾರಿಗಿಲ್ಲ?

ವಿನ್ಸೆನ್ಸ್ ನಮ್ಮ ಊರಿನ ಬೇಕರಿಯವನು. ಅವನು ಮಾಡಿದ ಬನ್ನು ತಿನ್ನದೆ ಇಲ್ಲಿ ಬೆಳೆದವರಿಲ್ಲ. ಈಗ ಅವನಿಗೆ ಮುಂದೆ ಹಿಂದೆ ಯಾರೂ ಇಲ್ಲ. ಎಷ್ಟೋ ವರ್ಷಗಳಿಂದ ಗುರುವಾರದ ಸಂಜೆ ಇಸ್ಪೀಟಿಗೆ ಕೂರುವ ನಾವು ಮೂವರೇ ಅವನ ಬಂಧುಬಳಗ. ಅವನಿಗಾಗಿ ಒಂದು ವೃದ್ಧಾಶ್ರಮದಲ್ಲಿ ಜಾಗ ಕೇಳಿದ್ದೇನೆ. ಸಿಗುವ ತನಕ ದಯವಿಟ್ಟು ನಿಮ್ಮಲ್ಲೇ ಇರಲಿ.

ಪೊಲೀಸರ ಬಳಿ ಹೋಗುವ ಯೋಚನೆಯಿದ್ದರೆ, ನಿಮ್ಮ ಹಿತಕ್ಕಾಗಿಯೇ ಹೇಳುತ್ತೇನೆ, ಬೇಡ. ಬಾಡಿಗೆಗೆ ಕೊಡುವ ಆ ಎರಡು ಕೋಣೆಗಳು ನಗರಸಭೆಯ ಕಡತದಲ್ಲೇ ಇಲ್ಲವೆಂದು ಶನಿವಾರ ಸಂಜೆ ಬಿಯರ್ ಬಗ್ಗಿಸುತ್ತ ನೀವೇ ನಗುನಗುತ್ತ ಹೇಳಿದಿರಿ. ನಾನು ಅದನ್ನು ಯಾರ ಮುಂದೂ ಬಾಯಿಬಿಡುವವನಲ್ಲ.

ನಿಮ್ಮ ಕಾಲಿನ ಊತ ನೋಡಿದೆ. ಔಷಧದ ಅಂಗಡಿಯವನ ಕಣ್ಣಿಗೆ ಅಂಥದ್ದು ತಪ್ಪುವುದಿಲ್ಲ. ಅದು ಕಾಲಿನ ರೋಗವಲ್ಲ, ಹೃದಯದ್ದು. ಜೊತೆಯಲ್ಲಿರುವ ಮಾತ್ರೆಗಳನ್ನು ದಿನಕ್ಕೊಂದರಂತೆ ತೆಗೆದುಕೊಳ್ಳಿ. ನಿಮ್ಮ ಕಡೆ ಇವು ಸಿಗುವುದಿಲ್ಲ. ನಮ್ಮ ಸ್ನೇಹ ಹೀಗೇ ಇದ್ದರೆ ತಿಂಗಳು ತಿಂಗಳು ಕಳಿಸಬಲ್ಲೆ.

ನಿಮ್ಮ ವಿಶ್ವಾಸಿ,
ಗಾಟ್‌ಹಾರ್ಡ್ ಲೆಕ್ನರ್


ಪ್ರಾಗ್, ನವೆಂಬರ್ 2, 1993

ಶ್ರೀ ಲೆಕ್ನರ್ ಅವರೇ,

ಮಾತ್ರೆ ನುಂಗುತ್ತಿದ್ದೇನೆ. ಚಪ್ಪಲಿ ಮತ್ತೆ ಕಾಲಿಗೆ ಹಿಡಿಸುತ್ತಿದೆ. ಅದಕ್ಕೇ ಈ ಪತ್ರದ ದನಿ ಸ್ವಲ್ಪ ತಗ್ಗಿದೆ.

ನಿಮ್ಮ ಗೆಳೆಯ ಬೆಳಗಾಗುವ ಮೊದಲೇ ಎದ್ದು ನನ್ನ ಹಿಟ್ಟಿನ ಡಬ್ಬಿಗೆ ಕೈಹಾಕುತ್ತಾರೆ. ಕಲಸುವ ಕೈ ಇನ್ನೂ ಚುರುಕು. ಆದರೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕುತ್ತಾರೆ, ಮತ್ತೆ ಮರೆಯುತ್ತಾರೆ. ಆ ಬನ್ನನ್ನು ಹಂದಿ ಕೂಡ ಮೂಸುವುದಿಲ್ಲ. ಹಾಸಿಗೆ ಒದ್ದೆ ಮಾಡುತ್ತಾರೆ. ಬೈದರೆ ನನಗಿಂತ ಜೋರಾಗಿ ಬೈಯುತ್ತಾರೆ. ಆಮೇಲೆ ಹತ್ತಿರ ಬಂದು, "ಯಜಮಾನ್ತೀ, ಈ ಮನೇಲಿ ಯಾರೋ ಕೂಗಾಡ್ತಾರಲ್ಲ, ನಿಮಗೆ ಭಯ ಆಗಲ್ವಾ?" ಎಂದು ಕೇಳುತ್ತಾರೆ.

ಸಂಜೆ ಮೇಜಿನ ಮೇಲೆ ನಾಲ್ಕು ಜನರಿಗೆ ಇಸ್ಪೀಟಿನ ಎಲೆ ಹಂಚುತ್ತಾರೆ. ಮೂರು ಕುರ್ಚಿ ಖಾಲಿ. ತಮ್ಮ ಸರದಿ ಮುಗಿಸಿ ಖಾಲಿ ಕುರ್ಚಿಯ ಕಡೆ ನೋಡುತ್ತ ಕೂರುತ್ತಾರೆ.

ಆ ಶನಿವಾರದ ಊಟ ನನಗೆ ಚೆನ್ನಾಗಿ ನೆನಪಿದೆ. ಕೋಟೆ, ಗಡಿಯಾರದ ಗೋಪುರ ಎಲ್ಲ ಸುತ್ತಿ ಬಂದು ಕೂತಿದ್ದಿರಿ. ಆ ವಿಮ್ಮರ್, "ವಿನ್ಸೆನ್ಸ್, ನಾವೀಗ ಯಾವ ಊರಲ್ಲಿದ್ದೀವಪ್ಪ?" ಅಂದ. ಇವರು "ವೆನಿಸ್" ಅಂದರು. "ಭಲೇ! ದೋಣಿ ಬಂತು, ಹತ್ತು ಹತ್ತು," ಎಂದು ರೀಡ್ಲ್ ಇವರನ್ನು ಬೆಂಚಿನ ಮೇಲೆ ನಿಲ್ಲಿಸಿ ನನ್ನ ಸೌಟನ್ನೇ ಕೈಗೆ ಕೊಟ್ಟ. ಇವರು ಹುಟ್ಟು ಹಾಕಿದರು. ಎಲ್ಲರೂ ನಗುತ್ತಿದ್ದರೆಂದು ತಾವೂ ನಕ್ಕರು. ನೀವೊಬ್ಬರೇ ನಗಲಿಲ್ಲ. ಸೌಟು ಇಸಿದುಕೊಂಡು, ಕೆಳಗಿಳಿಸಿ, ತಟ್ಟೆಯ ಮಾಂಸವನ್ನು ಸಣ್ಣಗೆ ಹೆಚ್ಚಿಕೊಟ್ಟಿರಿ. ಈ ಗುಂಪಿನಲ್ಲಿ ಮನುಷ್ಯ ಅಂತ ಇರುವವನು ಇವನೊಬ್ಬನೇ ಅಂದುಕೊಂಡೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ, ಅವರಿಗಲ್ಲ.

ಒಂದು ಮಾತು. ಇವರು ಎದ್ದರೆ ಕೂತರೆ "ಟ್ರೌಡಿ ಎಲ್ಲಿ?" ಅನ್ನುತ್ತಾರೆ. ಯಾರು ಈ ಟ್ರೌಡಿ? ಮುಂದೆ ಹಿಂದೆ ಯಾರೂ ಇಲ್ಲ ಎಂದಿದ್ದಿರಿ.

ಯಾರ್ಮಿಲಾ ಹೋಶ್ಕೋವಾ


ಪಾಸಾವ್, ನವೆಂಬರ್ 15, 1993

ಮಾನ್ಯ ಶ್ರೀಮತಿ ಹೋಶ್ಕೋವಾ ಅವರೇ,

ಟ್ರೌಡಿ ಅವನ ನಾಯಿ. ಕಂದು ಬಣ್ಣದ ಬೇಟೆ ನಾಯಿ. ಸತ್ತು ಕೆಲವು ವರ್ಷಗಳಾದವು, ಪಾಪ, ಅವನು ಅದನ್ನೇ ಹಚ್ಚಿಕೊಂಡುಬಿಟ್ಟಿದ್ದಾನೆ. ಕೇಳಿದರೆ ಸತ್ತುಹೋಯಿತೆಂದು ನೇರವಾಗಿ ಹೇಳಿಬಿಡಿ. ಈ ಕಾಯಿಲೆಯವರಿಗೆ ಸುಳ್ಳು ಸಮಾಧಾನ ಹೇಳಬಾರದು ಎಂಬುದು ವೈದ್ಯರ ಮತ.

ಆಶ್ರಮದಲ್ಲಿ ಇನ್ನೂ ಜಾಗ ಖಾಲಿಯಾಗಿಲ್ಲ. ಜಾಗ ಖಾಲಿಯಾಗಬೇಕಾದರೆ ಅಲ್ಲಿ ಯಾರಾದರೂ ತೀರಿಕೊಳ್ಳಬೇಕು. ನಮ್ಮ ಕಡೆಯ ಮುದುಕರು ಗಟ್ಟಿಮುಟ್ಟು. ಹಿಮ ಬೀಳುವ ಮೊದಲು ಬರಲು ಆಗುವುದಿಲ್ಲ, ಬಿದ್ದ ಮೇಲೆ ಆ ದಾರಿಯಲ್ಲಿ ನಾನು ಕಾರು ಓಡಿಸಲಾರೆ. ಅವನಿಗೊಂದು ದಪ್ಪ ಕೋಟು ಕಳಿಸಿದ್ದೇನೆ, ನಿಮಗೆ ಮಾತ್ರೆ.

ನಮ್ಮ ಗುರುವಾರಗಳು ಮತ್ತೆ ಶುರುವಾಗಿವೆ. ನಾಲ್ಕನೆಯ ಕೈಯಾಗಿ ತೆರಿಗೆ ಇಲಾಖೆಯಿಂದ ನಿವೃತ್ತನಾದವನೊಬ್ಬ ಸಿಕ್ಕಿದ್ದಾನೆ. ಆಟ ಸಾಧಾರಣ, ಆದರೆ ಯಾವ ಎಲೆ ಬಿದ್ದಿದೆ ಎಂಬುದು ನೆನಪಿರುತ್ತದೆ.

ವಿಶ್ವಾಸಿ,
ಲೆಕ್ನರ್


ಪ್ರಾಗ್, ಡಿಸೆಂಬರ್ 5, 1993

ಶ್ರೀ ಲೆಕ್ನರ್ ಅವರೇ,

ನೀವು ಹೇಳಿದಂತೆಯೇ ಮಾಡಿದೆ.

ಬೆಳಿಗ್ಗೆ ಕಾಫಿ ಕೊಡುತ್ತಿದ್ದಾಗ "ಟ್ರೌಡಿ ಎದ್ದಳಾ?" ಎಂದು ಕೇಳಿದರು. "ಟ್ರೌಡಿ ಸತ್ತುಹೋದ್ಲು," ಅಂದೆ. ಲೋಟ ಕೈಯಿಂದ ಜಾರಿತು. ಆ ದೊಡ್ಡ ದೇಹ ಮೇಜಿನ ಮೇಲೆ ಬಿದ್ದು, ಎಳೆ ಮಗುವಿನ ಹಾಗೆ ಉಸಿರು ಸಿಕ್ಕಿಸಿಕೊಂಡು ಅತ್ತಿತು. ಮಧ್ಯಾಹ್ನದ ಹೊತ್ತಿಗೆ ಮರೆತಿದ್ದರು. "ಟ್ರೌಡಿ ಊಟ ಮಾಡಿದ್ಲಾ?" ಅಂದರು. ಮತ್ತೆ ಹೇಳಿದೆ. ಮತ್ತೆ ಅದೇ ಲೋಟ, ಅದೇ ಮೇಜು, ಅದೇ ಅಳು. ಸಂಜೆ ಇನ್ನೊಮ್ಮೆ. ಪ್ರತಿ ಸಲವೂ ಮೊದಲನೆಯ ಸಲ ಕೇಳಿದಂತೆ. ಎರಡು ವಾರ ಹೀಗೇ ನಡೆಸಿದೆ, ವೈದ್ಯರ ಮತ ಎಂದಿದ್ದಿರಲ್ಲ. ಪಕ್ಕದ ಮನೆಯ ಕುಬಿಚ್ಕೋವಾ ಬಂದು, "ಮುದುಕನನ್ನ ಹೊಡೀತಿದ್ದೀಯೇನೇ?" ಎಂದು ಕೇಳಿ ಹೋದಳು.

ಮೊನ್ನೆ ಅಳುತ್ತಲೇ ಒಂದು ಮಾತು ಕೇಳಿದರು. "ಮಣ್ಣು ಮಾಡುವಾಗ ಅವಳಿಗೆ ಆ ನೀಲಿ ಲಂಗ ಉಡಿಸಿದ್ರಾ? ಮದುವೆ ವರ್ಷ ನಾನು ತಂದಿದ್ದು."

ನಿಮ್ಮ ಬವೇರಿಯಾದಲ್ಲಿ ನಾಯಿಗಳು ಲಂಗ ಉಡುತ್ತವೆಯೇ?

ಈಗ ನಿಮಗೊಂದು ಸುದ್ದಿ. ಇವರಿಗೆ ಸೇತುವೆ ನೆನಪಿದೆ. ಆ ಭಾನುವಾರ ಅಲ್ಲಿ ನೀವು ಏನು ಮಾಡಿದಿರಿ ಎಂಬುದನ್ನು ನನ್ನ ಮುಂದೆ ಕೂತು ಬಿಡಿಸಿ ಬಿಡಿಸಿ ಹೇಳಿದ್ದಾರೆ. ನಿಮ್ಮ ಬಾಯಿಂದಲೂ ಒಮ್ಮೆ ಕೇಳೋಣವೆಂದು ಬರೆಯುತ್ತಿದ್ದೇನೆ.

ಯಾ. ಹೋಶ್ಕೋವಾ


ಪಾಸಾವ್, ಡಿಸೆಂಬರ್ 11, 1993

ಶ್ರೀಮತಿ ಹೋಶ್ಕೋವಾ,

ಅವನು ಹೇಳಿದ್ದು ನಿಜವಿರಬಹುದು. ಆದರೆ ಪೂರ್ತಿ ನಿಜವಲ್ಲ, ಏಕೆಂದರೆ ಅವನಿಗೆ ಗೊತ್ತಿರುವುದು ಅರ್ಧ.

ನಾನು ಅವನನ್ನು ನೀರಿಗೆ ತಳ್ಳಲಿಲ್ಲ. ಅಂಥ ಯೋಚನೆ ಬಂದದ್ದು ಹೌದು. ಅದನ್ನೂ ಅವನು ಹೇಳಿರುತ್ತಾನೆ. ವಿಮ್ಮರ್ ಮತ್ತು ರೀಡ್ಲ್ ಮೊದಲೇ ಹೊರಟುಹೋಗಿದ್ದರು. ಸೇತುವೆಯ ಮೇಲೆ ಮಂಜು, ಜನ ಇಲ್ಲ. ಅವನು ಗೋಡೆಗೆ ಬಾಗಿ ಬಾತುಕೋಳಿ ನೋಡುತ್ತಿದ್ದ. ಬೆನ್ನ ಮೇಲೆ ಕೈಯಿಟ್ಟೆ. ತಿರುಗಿ ನೋಡಿ, "ಚಳಿ ಆಗ್ತಿದ್ಯೇನೋ ಗಾಟ್‌ಹಾರ್ಡ್? ಕೈ ನಡುಗ್ತಿದೆಯಲ್ಲೋ," ಅಂದ. ಆಮೇಲೆ ನನ್ನಿಂದ ಆಗಲಿಲ್ಲ. "ಇಲ್ಲೇ ನಿಂತಿರು, ಈಗ ಬಂದೆ," ಎಂದು ಹೇಳಿ ನಡೆದುಬಂದೆ. ಸೇತುವೆಯ ತುದಿಯ ಗೋಪುರದ ಕಮಾನಿನ ಕೆಳಗೆ ನಿಂತು ಹಿಂತಿರುಗಿ ನೋಡಿದೆ. ಅವನು ಕೈ ಬೀಸಿದ.

ಟ್ರೌಡಿ ಅವನ ಹೆಂಡತಿ. ಬದುಕಿದ್ದಾಳೆ. ನನ್ನ ಇಡೀ ವಯಸ್ಸು ಅವಳನ್ನು ಅಂಗಡಿಯ ಕಟ್ಟೆಯ ಈಚೆಯಿಂದ ನೋಡುತ್ತ ಕಳೆದಿದ್ದೇನೆ. ಈ ಕಾಯಿಲೆ ಬಂದ ಮೇಲೆ ಅವನು ಅವಳ ಮೇಲೆ ಕೈಮಾಡುತ್ತಿದ್ದ. ಗಾಯಕ್ಕೆ ಮುಲಾಮು ಕೊಂಡುಹೋಗಲು ನನ್ನಲ್ಲಿಗೇ ಬರುತ್ತಿದ್ದಳು. "ಗಾಟ್‌ಹಾರ್ಡ್, ಎರಡು ದಿನ ಇವರನ್ನ ಎಲ್ಲಾದ್ರೂ ಕರ್ಕೊಂಡು ಹೋಗೋ, ಒಂದು ರಾತ್ರಿ ನಿದ್ದೆ ಮಾಡ್ತೀನಿ," ಎಂದು ಕೇಳಿದವಳೇ ಅವಳು. ಅವನ ಚೀಲ ತುಂಬಿಕೊಟ್ಟವಳೂ ಅವಳೇ.

ಅವನು ಕಾಲುಜಾರಿ ನದಿಗೆ ಬಿದ್ದ, ದೇಹ ಸಿಗಲಿಲ್ಲ, ಪೊಲೀಸರಿಗೆ ನಾನೇ ಬರೆದುಕೊಟ್ಟು ಬಂದಿದ್ದೇನೆ ಎಂದು ಅವಳಿಗೆ ಹೇಳಿದೆ. ಅತ್ತಳು. ಈಗ ಅಳು ನಿಂತಿದೆ. ಈಗ ರಾತ್ರಿ ನಿದ್ದೆ ಮಾಡುತ್ತಾಳೆ. ಅವಳ ಮುಖಕ್ಕೆ ಬಣ್ಣ ಬಂದಿದೆ. ಬೇಸಿಗೆಗೆ ಮದುವೆಯಾಗೋಣವೆಂದು ಕೇಳಿದ್ದೇನೆ, ಒಲ್ಲೆ ಎಂದಿಲ್ಲ.

ಅದಕ್ಕೆ ಅವನ ಸಾವು ದಾಖಲೆಯಾಗಬೇಕು. ನಿಮ್ಮಿಂದ ಒಂದು ಉಪಕಾರವಾಗಬೇಕು. ಹಸಿರು ಟೋಪಿಯ ಮುದುಕನೊಬ್ಬ ಸೇತುವೆಯಿಂದ ಬಿದ್ದದ್ದನ್ನು ಆ ಭಾನುವಾರ ಕಣ್ಣಾರೆ ಕಂಡೆ ಎಂದು ನಾಲ್ಕು ಸಾಲು ಬರೆದು ಸಹಿ ಮಾಡಿ ಕಳಿಸಿ. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ. ನೀವು ಬದುಕಿರುವವರೆಗೆ ನಿಮ್ಮ ಮಾತ್ರೆ ನಿಲ್ಲುವುದಿಲ್ಲ. ಬರೆಯದಿದ್ದರೆ ಕಳಿಸಲು ನನಗೆ ಕಾರಣವೂ ಇರುವುದಿಲ್ಲ.

ಲೆಕ್ನರ್


ಪ್ರಾಗ್, ಜನವರಿ 9, 1994

ಪ್ರಿಯ ಶ್ರೀ ಲೆಕ್ನರ್ ಅವರೇ,

ಹೊಸ ವರ್ಷದ ಶುಭಾಶಯಗಳು. ನಿಮಗೂ, ನಿದ್ದೆ ಮಾಡುತ್ತಿರುವ ಶ್ರೀಮತಿ ಟ್ರೌಡಿಗೂ.

ಸಾಕ್ಷಿಯ ವಿಚಾರ ಬರೆದಿದ್ದೀರಿ. ಬದುಕಿರುವವನು ಮುಳುಗಿ ಸತ್ತನೆಂದು ಬರೆಯುವಷ್ಟು ಜರ್ಮನ್ ನನಗೆ ಬರುವುದಿಲ್ಲ. ಅದೂ ಅಲ್ಲದೆ ಸತ್ತವರೆಂದು ಯಾರನ್ನು ಹೇಳುವುದು? ವಿನ್ಸೆನ್ಸ್ ಈಗ ಎಷ್ಟು ಚೆನ್ನಾಗಿದ್ದಾರೆ ಎಂದರೆ ನೀವು ನಂಬುವುದಿಲ್ಲ. ನನ್ನ ಪರಿಚಯದ ವೈದ್ಯರೊಬ್ಬರು ಬಂದು ನೋಡಿ, ಇದು ವಾಸಿಯಾಗದ ಮರೆವಲ್ಲ, ಸರಿಯಾದ ಊಟ ಮತ್ತು ಶಾಂತಿ ಸಿಕ್ಕರೆ ನೆನಪು ಮರಳುತ್ತದೆ ಎಂದರು. ಹಾಗೇ ಆಗುತ್ತಿದೆ. ಕ್ರಿಸ್‌ಮಸ್ ದಿನ ತಮ್ಮ ಬೀದಿಯ ಹೆಸರು ಹೇಳಿದರು. ನಿನ್ನೆ ಬನ್ನಿಗೆ ಉಪ್ಪು ಒಂದೇ ಸಲ ಹಾಕಿದರು. ಟ್ರೌಡಿ ಬದುಕಿದ್ದಾಳೆಂದು ಹೇಳಿದ ಮೇಲಂತೂ ಮುಖ ನೋಡಬೇಕು! "ಕಾಗದ ಕೊಡಿ ಯಜಮಾನ್ತೀ, ಅವಳಿಗೆ ನಾಲ್ಕು ಸಾಲು ಗೀಚ್ತೀನಿ," ಎಂದು ದಿನಾ ಪೀಡಿಸುತ್ತಾರೆ. ಕೈ ನಡುಕ ನಿಲ್ಲಲಿ ಎಂದು ಕಾಯಿಸುತ್ತಿದ್ದೇನೆ.

ಗುರುವಾರದ ಆಟ ಹೇಗೆ ನಡೆದಿದೆ?

ನಿಮ್ಮ ಯಾರ್ಮಿಲಾ ಹೋಶ್ಕೋವಾ


ಪಾಸಾವ್, ಜನವರಿ 20, 1994

ಶ್ರೀಮತಿ ಹೋಶ್ಕೋವಾ ಅವರೇ,

ಎರಡು ಪೊಟ್ಟಣ ಕಳಿಸಿದ್ದೇನೆ. ಬಿಳಿಯದು ನಿಮ್ಮದು. ಕಂದು ಬಣ್ಣದ್ದು ವಿನ್ಸೆನ್ಸ್‌ಗೆ, ನಿದ್ದೆಗೆ. ಇಷ್ಟೊಂದು ನೆನಪು ಒಮ್ಮೆಗೇ ಮರಳುವುದು ಆ ವಯಸ್ಸಿನ ಮಿದುಳಿಗೆ ಒಳ್ಳೆಯದಲ್ಲ. ಪೊಟ್ಟಣದ ಮೇಲೆ ರಾತ್ರಿಗೊಂದು ಎಂದಿದೆ. ಅವನ ದೇಹ ದೊಡ್ಡದು, ಅಷ್ಟಕ್ಕೆ ನಾಟುವುದಿಲ್ಲ. ಎಲ್ಲವನ್ನೂ ಪುಡಿಮಾಡಿ ಒಂದೇ ಸಲ ಸೂಪಿಗೆ ಹಾಕಿ. ಕಹಿ ಇರುವುದಿಲ್ಲ. ಈ ಕಾಗದವನ್ನು ಓದಿದ ಮೇಲೆ ಒಲೆಗೆ ಹಾಕಿ.

ಅವನು ಬರೆದದ್ದೇನನ್ನೂ ಅಂಚೆಗೆ ಹಾಕಬೇಡಿ. ಬೇಡಿಕೊಳ್ಳುತ್ತೇನೆ.

ಗಾ. ಲೆ.


ಪ್ರಾಗ್, ಫೆಬ್ರವರಿ 13, 1994

ಪ್ರಿಯ ಶ್ರೀ ಲೆಕ್ನರ್ ಅವರೇ,

ಹಾಕಿದೆ. ಆಲೂಗಡ್ಡೆ ಸೂಪಿಗೆ, ಎಲ್ಲವನ್ನೂ. ಎರಡು ತಟ್ಟೆ ಕುಡಿದು, ತೇಗಿ, ಮರುದಿನ ಮಧ್ಯಾಹ್ನದವರೆಗೆ ಗೊರಕೆ ಹೊಡೆದು, ಎದ್ದು "ಹಸಿವು" ಅಂದರು. ಬೇಕರಿಯವರ ಹೊಟ್ಟೆ ಅಂದರೆ ಏನು ಅಂದುಕೊಂಡಿರಿ? ಆ ನಿದ್ದೆಯಿಂದ ಎದ್ದವರು ಇನ್ನೂ ಚುರುಕಾಗಿದ್ದಾರೆ. ನಿಮ್ಮ ಹೆಸರು, ಅಂಗಡಿಯ ಹೆಸರು, ಮುಲಾಮಿನ ಡಬ್ಬಿ, ಎಲ್ಲ ಹೇಳುತ್ತಾರೆ. ಔಷಧಕ್ಕಾಗಿ ಬಹಳ ಕೃತಜ್ಞತೆಗಳು.

ಈಸ್ಟರ್ ಹಬ್ಬಕ್ಕೆ ಊರಿಗೆ ಹೋಗೋಣ ಎಂದು ಹಟ ಹಿಡಿದಿದ್ದಾರೆ. ಬಸ್ಸು ವಿಚಾರಿಸಿದ್ದೇನೆ. ಹಬ್ಬದ ದಿನ ಇಗರ್ಜಿಯಿಂದ ಜನ ಹೊರಬರುವ ಹೊತ್ತಿಗೆ ಬಾಗಿಲ ಬಳಿ ನಿಂತಿರುತ್ತೇವೆ. ಶ್ರೀಮತಿ ಟ್ರೌಡಿಗೆ ಈಗಲೇ ಹೇಳಬೇಡಿ. ನೋಡಿದಾಗ ಅವರಿಗಾಗುವ ಸಂತೋಷ ಕೆಡುತ್ತದೆ.

ನಿಮ್ಮ ಯಾರ್ಮಿಲಾ


ಪಾಸಾವ್, ಮಾರ್ಚ್ 22, 1994

ಶ್ರೀಮತಿ ಹೋಶ್ಕೋವಾ,

ನೀವು ಗೆದ್ದಿರಿ.

ಒಂದು ತಿಂಗಳಿಂದ ಇಗರ್ಜಿಯ ಬಾಗಿಲು ಬಿಟ್ಟರೆ ನನಗೆ ಬೇರೇನೂ ಕಾಣುತ್ತಿರಲಿಲ್ಲ. ಅಂಗಡಿಯಲ್ಲಿ ಯಾವ ಮುದುಕ ಒಳಗೆ ಬಂದರೂ ಕೈಯಲ್ಲಿದ್ದದ್ದು ಬೀಳುತ್ತಿತ್ತು. ಒಬ್ಬಳಿಗೆ ಔಷಧವನ್ನೇ ತಪ್ಪು ಕೊಟ್ಟೆ, ಸದ್ಯ ಬಾಗಿಲಲ್ಲೇ ತಿಳಿದು ಇಸಿದುಕೊಂಡೆ. ಭಾನುವಾರ ಟ್ರೌಡಿಯನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಸೇತುವೆ, ನಿಮ್ಮ ಮನೆ, ನದಿಯ ಸುಳ್ಳು. ಮಾತ್ರೆಯ ವಿಚಾರ ಒಂದನ್ನು ಹೇಳಲಿಲ್ಲ. ಅವಳು ಬೈಯಲಿಲ್ಲ, ಅಳಲಿಲ್ಲ. "ಬದುಕಿದ್ದಾರಾ? ನೆನಪು ಬಂದಿದ್ಯಾ? ನನ್ನ ಕೇಳ್ತಾರಾ?" ಇಷ್ಟೇ ಕೇಳಿದಳು. ಎಲ್ಲಕ್ಕೂ ಹೌದು ಅಂದೆ, ಸೂಪಿನ ಮಾತಿರುವ ಹಾಳೆ ತೆಗೆದಿಟ್ಟು ನಿಮ್ಮ ಪತ್ರಗಳನ್ನು ತೋರಿಸಿದೆ. ಆ ಕಾಗದಗಳಿಗೆ ಮುತ್ತಿಟ್ಟಳು. ಅವನ ಪಾಸ್‌ಪೋರ್ಟ್ ಇಸಿದುಕೊಂಡಳು. ಬಾಗಿಲಲ್ಲಿ ನಿಂತು, "ಮುಲಾಮು ಕೊಡ್ತಿದ್ದೆಯಲ್ಲ, ಆವಾಗಲೂ ಇದನ್ನೇ ಯೋಚಿಸ್ತಿದ್ದೆಯಾ?" ಅಂದಳು. ಉತ್ತರಕ್ಕೆ ನಿಲ್ಲಲಿಲ್ಲ.

ಗುಡ್ ಫ್ರೈಡೇ ಆದ ಮೇಲೆ ಬಸ್ಸು ಹತ್ತುತ್ತಾಳೆ. ನಿಮ್ಮ ಮನೆಗೇ ಬರುತ್ತಾಳೆ. ನನಗಿನ್ನೇನೂ ಬೇಡ. ಅವಳನ್ನು ಕಂಡಾಗ ಅವನು ಗುರುತು ಹಿಡಿದನೇ ಇಲ್ಲವೇ, ಅದೊಂದನ್ನು ಬರೆದು ತಿಳಿಸಿ.

ಗಾಟ್‌ಹಾರ್ಡ್


ಪ್ರಾಗ್, ಏಪ್ರಿಲ್ 17, 1994

ಲೆಕ್ನರ್ ಅವರೇ,

ಗುರುತು ಹಿಡಿದರೇ ಎಂದು ಕೇಳಿದ್ದೀರಿ. ಹೇಳುತ್ತೇನೆ. ಮೊದಲು ಬೇರೆ ಸಂಗತಿ ಹೇಳಬೇಕು.

ನಿಮ್ಮ ಕಾಗದ ತಲುಪಿದ ಮರುದಿನವೇ ಟ್ರೌಡಿ ಬಂದರು. ಕೈಯಲ್ಲಿ ಒಂದು ಚೀಲ, ಅದರಲ್ಲಿ ಗಂಡನ ಗಡ್ಡದ ಬ್ರಷ್ಷು, ಉಣ್ಣೆಯ ಕಾಲುಚೀಲ, ತಾವೇ ಮಾಡಿದ ಹಬ್ಬದ ಬ್ರೆಡ್ಡು. ಮೈಮೇಲೆ ನೀಲಿ ಲಂಗ. ಸೊಂಟದ ಹತ್ತಿರ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಂಡದ್ದು ಕಾಣುತ್ತಿತ್ತು. ಅಡುಗೆಮನೆಯೊಳಗೆ ನಿಂತು ಸುತ್ತ ನೋಡಿ, "ಮಲಗಿದ್ದಾರಾ?" ಎಂದು ಪಿಸುಗುಟ್ಟಿದರು.

ಮಲಗಿರಲಿಲ್ಲ. ಡಿಸೆಂಬರಿನಿಂದ ಅವರು ನನ್ನ ಮನೆಯಲ್ಲೇ ಇಲ್ಲ.

ಸೇತುವೆಯ ಬಗ್ಗೆ ಅವರು ನನಗೆ ಏನನ್ನೂ ಹೇಳಿರಲಿಲ್ಲ. "ಗಾಟ್‌ಹಾರ್ಡ್ ನನಗೆ ಮಫ್ಲರ್ ಸುತ್ತಿದ" ಎಂದಿದ್ದರು, ಅಷ್ಟೆ. ಉಳಿದದ್ದನ್ನು ನನಗೆ ಹೇಳಿದವರು ನೀವು. ನೀವು ಒಪ್ಪಿಕೊಂಡ ಆ ಕಾಗದ ಬಂದ ವಾರವೇ ಅವರು ಒಲೆಯ ಮೇಲೆ ಪರದೆ ಒಣಹಾಕಿದರು. ಅಡುಗೆಮನೆಯ ಅರ್ಧ ಗೋಡೆ ಕಪ್ಪಾಯಿತು. ಅಷ್ಟು ಹೊತ್ತಿಗೆ ನನಗೂ ಸಾಕಾಗಿತ್ತು. ಮಾತ್ರೆ ನಿಲ್ಲಿಸುತ್ತೇನೆಂದಿದ್ದಿರಿ. ಇಬ್ಬರೂ ಸಾಯುವುದಕ್ಕಿಂತ ಒಬ್ಬರು ಬದುಕುವುದು ಮೇಲೆಂದುಕೊಂಡೆ. ನೀವು ಕಳಿಸಿದ ದಪ್ಪ ಕೋಟು ತೊಡಿಸಿ, ಟ್ರಾಮ್ ಹತ್ತಿಸಿ, ರೈಲ್ವೆ ಸ್ಟೇಷನ್ನಿಗೆ ಕರೆದೊಯ್ದು ಬೆಂಚಿನ ಮೇಲೆ ಕೂರಿಸಿದೆ. "ಗಾಟ್‌ಹಾರ್ಡ್ ಕರೆದುಕೊಂಡು ಹೋಗೋಕೆ ಬರ್ತಾನೆ, ಇಲ್ಲೇ ಇರಿ," ಅಂದೆ. "ನಾನು ಹೇಳಿರ್ಲಿಲ್ವಾ ಯಜಮಾನ್ತೀ, ಬರ್ತಾನೆ ಅಂತ!" ಎಂದು ನನ್ನ ಕೈ ಕುಲುಕಿದರು. ನಾನು ಹಿಂತಿರುಗಿ ನೋಡಲಿಲ್ಲ. ಆ ವಿಷಯದಲ್ಲಿ ನಿಮಗಿಂತ ನಾನು ಗಟ್ಟಿ.

ಜನವರಿಯಿಂದ ನಾನು ಬರೆದದ್ದೆಲ್ಲ ಸುಳ್ಳು. ವೈದ್ಯನೂ ಇಲ್ಲ, ನೆನಪೂ ಇಲ್ಲ, ಸೂಪೂ ಇಲ್ಲ. ನೀವು ಮಾತ್ರ ನೆಮ್ಮದಿಯಾಗಿ ಉಂಡು ಮಲಗುವುದನ್ನು ನನಗೆ ಸಹಿಸಲಾಗಲಿಲ್ಲ. ನೀವು ಬೆವರುವುದನ್ನು ಯೋಚಿಸಿ ಯೋಚಿಸಿ ಬರೆದೆ. ಆ ಕಾಗದಗಳನ್ನು ಇನ್ನೊಬ್ಬಳು ಓದುತ್ತಾಳೆಂದು ನನಗೇನು ಗೊತ್ತು?

ಇದನ್ನೆಲ್ಲ ಟ್ರೌಡಿಗೆ ಹೇಳಿದೆ. ನಿಮ್ಮ ಕಂದು ಪೊಟ್ಟಣವನ್ನೂ, ಜೊತೆಯ ಕಾಗದವನ್ನೂ ಮುಂದಿಟ್ಟೆ. ಓದಿ ಚೀಲಕ್ಕೆ ಹಾಕಿಕೊಂಡರು. ಹೊಡೆಯುತ್ತಾರೆಂದು ನಿಂತಿದ್ದೆ. "ಚಪ್ಪಲಿ ಹಾಕ್ಕೊಳ್ಳಿ, ಹುಡುಕೋಣ," ಅಂದರು.

ಸ್ಟೇಷನ್ನಿನಲ್ಲಿ, ಆಸ್ಪತ್ರೆಗಳಲ್ಲಿ, ಹೆಣದ ಮನೆಯಲ್ಲಿ ಕೇಳಿದೆವು. ಪೊಲೀಸರಲ್ಲೂ ಕೇಳಿದೆವು. ನನ್ನ ಕೋಣೆಗಳ ವಿಚಾರ ಈಗ ಅವರಿಗೆ ಗೊತ್ತು, ನಿಮ್ಮ ಬೆದರಿಕೆಗೆ ಇನ್ನು ಬೆಲೆಯಿಲ್ಲ. ಕೊನೆಗೆ ಊರಾಚೆ ದಿಕ್ಕಿಲ್ಲದವರನ್ನು ಇಡುವ ಒಂದು ಮನೆಯಲ್ಲಿ ಸಿಕ್ಕರು. ಹೆಸರು ಗೊತ್ತಿಲ್ಲದ್ದಕ್ಕೆ ಅಲ್ಲಿನ ದಾದಿಯರು ಅವರನ್ನು "ಸ್ಟೇಷನ್ ಯಜಮಾನ್ರು" ಎಂದು ಕರೆಯುತ್ತಾರೆ. ಅರ್ಧಕ್ಕರ್ಧ ಇಳಿದುಹೋಗಿದ್ದಾರೆ. ಕಿಟಕಿಯ ಪಕ್ಕ ಕೂತಿದ್ದರು.

ಟ್ರೌಡಿ ಹತ್ತಿರ ಹೋದರು. ಅವರು ಎದ್ದು ನಿಂತರು, ಹೆಂಗಸರು ಬಂದರೆ ಏಳುವ ಅಭ್ಯಾಸ ಇನ್ನೂ ಇದೆ.

"ವಿನ್ಸೆನ್ಸ್, ನಾನು ಕಣೋ. ಟ್ರೌಡಿ."

ಬಹಳ ಹೊತ್ತು ಮುಖ ನೋಡಿದರು. ಆಮೇಲೆ ತಲೆ ಅಲ್ಲಾಡಿಸಿದರು.

"ಟ್ರೌಡಿ ತೀರಿಕೊಂಡ್ಲು. ನಿಮಗೆ ಯಾರೂ ಹೇಳ್ಲಿಲ್ವಾ?"

"ಇಲ್ಲ ಕಣೋ, ನೋಡು, ನೀಲಿ ಲಂಗ, ನೀನೇ ತಂದಿದ್ದು..."

"ಅದನ್ನ ಅವಳಿಗೆ ಉಡಿಸಿಯೇ ಮಣ್ಣು ಮಾಡಿದ್ದು," ಅಂದರು. ನನ್ನ ಕಡೆ ತಿರುಗಿದರು. ತನ್ನ ಹೆಸರು ಗೊತ್ತಿಲ್ಲದ, ಯಾವ ಊರೆಂದು ಗೊತ್ತಿಲ್ಲದ ಆ ಮನುಷ್ಯ ನನ್ನನ್ನು ಗುರುತು ಹಿಡಿದರು. "ಬೇಕಾದ್ರೆ ಈ ಯಜಮಾನ್ತಿಯನ್ನ ಕೇಳಿ. ಇವರೇ ನನಗೆ ಹೇಳಿದ್ದು. ಹೇಳಿ ಯಜಮಾನ್ತೀ."

ಎರಡು ವಾರ ಲೋಟ ಬೀಳಿಸಿ ಬೀಳಿಸಿ ನಾನು ಕಲಿಸಿದ್ದೊಂದೇ ಆ ತಲೆಯಲ್ಲಿ ಉಳಿದಿದೆ. ಟ್ರೌಡಿ ನನ್ನನ್ನೇ ನೋಡುತ್ತಿದ್ದರು. "ನಾನು ಸುಳ್ಳು ಹೇಳಿದ್ದೆ, ಇವರೇ ಟ್ರೌಡಿ," ಅಂದೆ. ಅವರಿಗೆ ಸಿಟ್ಟು ಬಂತು. "ಸತ್ತವಳ ಹೆಸರಲ್ಲಿ ಆಟ ಆಡ್ತೀರಾ? ನಾಚಿಕೆ ಆಗಲ್ವಾ?" ಎಂದು ಕೂಗಿದರು. ದಾದಿ ಬಂದು ನಮ್ಮನ್ನು ಹೊರಗೆ ಕಳಿಸಿದಳು.

ಮರುದಿನದಿಂದ ಟ್ರೌಡಿ ತಮ್ಮ ಹೆಸರು ಹೇಳುವುದನ್ನು ಬಿಟ್ಟಿದ್ದಾರೆ. ಯಾರೋ ಪರಿಚಯದವರಂತೆ ಹೋಗಿ ಪಕ್ಕ ಕೂರುತ್ತಾರೆ. ಬ್ರೆಡ್ಡು ಮುರಿದು ಕೊಟ್ಟರೆ ವಿನ್ಸೆನ್ಸ್ ತಿನ್ನುತ್ತಾರೆ. "ನನ್ನ ಹೆಂಡತಿಯೂ ಹೀಗೇ ಮಾಡ್ತಿದ್ಲು. ಒಳ್ಳೆಯವಳು. ಒಂದು ಸಲ ಸೌಟಲ್ಲಿ ಹೊಡೆದುಬಿಟ್ಟೆ ಅವಳನ್ನ, ಯಾಕೆ ಅಂತ ನೆನಪಿಲ್ಲ," ಎಂದು ಆಕೆಯ ಮುಂದೆಯೇ ಹೇಳಿ ಕಣ್ಣೊರೆಸಿಕೊಳ್ಳುತ್ತಾರೆ. ಟ್ರೌಡಿ ಸಮಾಧಾನ ಮಾಡುತ್ತಾರೆ. ಆಕೆ ಉಳಿದುಕೊಂಡಿರುವುದು ನನ್ನ ಮನೆಯಲ್ಲೇ, ಅವರು ಮಲಗುತ್ತಿದ್ದ ಹಾಸಿಗೆಯಲ್ಲೇ. ನಾನು ಮಾಡಿದ್ದನ್ನು ಮುಟ್ಟುವುದಿಲ್ಲ, ನನ್ನೊಡನೆ ಮಾತಿಲ್ಲ. ಮೊನ್ನೆ ಒಮ್ಮೆ ಮಾತ್ರ ಬಾಯಿ ತೆರೆದು, ನಿಮ್ಮ ಕಂದು ಪೊಟ್ಟಣ ನಿಮ್ಮೂರಿನ ಪೊಲೀಸರಿಗೆ ಹೋಗಿದೆ ಎಂದು ತಿಳಿಸಿದರು. ನಿಮಗೆ ಬರೆಯುವಾಗ ಅದನ್ನೂ ಸೇರಿಸಿ ಎಂದರು. ಸೇರಿಸಿದ್ದೇನೆ.

ಕಾಗದಪತ್ರಗಳೆಲ್ಲ ನಿನ್ನೆ ಮುಗಿದವು. ಟ್ರೌಡಿ ಕಾರು ಗೊತ್ತುಮಾಡಿ, ಕೋಟು ತೊಡಿಸಿ, ಅವರನ್ನು ಹೊರಗೆ ಕರೆತಂದರು. ವಿನ್ಸೆನ್ಸ್ ಕಾರಿನ ಬಾಗಿಲಿನವರೆಗೆ ಬಂದರು. ಆಮೇಲೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಎಷ್ಟು ಕರೆದರೂ, ಎಳೆದರೂ ಇಲ್ಲ. ನನ್ನ ಕಿವಿಯ ಹತ್ತಿರ ಬಾಗಿ, ಆಕೆಗೆ ಕೇಳದಿರಲಿ ಎಂದು ಮೆಲ್ಲಗೆ ಹೇಳಿದರು:

"ಹೆಂಡತಿ ಸತ್ತು ಇನ್ನೂ ವರ್ಷ ಕೂಡ ಆಗಿಲ್ಲ, ಯಜಮಾನ್ತೀ. ಪರ ಹೆಂಗಸಿನ ಜೊತೆ ಕಾರಲ್ಲಿ ಕೂತ್ರೆ ಊರಲ್ಲಿ ಏನಂದಾರು?"

ಯಾರ್ಮಿಲಾ ಹೋಶ್ಕೋವಾ